ಬೆಲೆಯೇರಿದ ಪೆಟ್ರೋಲು, ಬಾಗಿಲ ಮುಂದಿನ ಕಾರು

ಪೆಟ್ರೋಲಿನ ಬೆಲೆ ಏರಿತೆಂಬ ವಾರ್ತೆ ಪತ್ರಿಕೆಯಲ್ಲಿ ಕಾಣಿಸಿಕೊಂಡಾಗಲೆಲ್ಲ, ಓದುಗರು ಬರೆಯುವ ಪತ್ರಗಳಲ್ಲಿಯೂ ಬೆಂಗಳೂರಿನ ಕುಕ್ ಟೌನಿನ ನಮ್ಮ ಬೀದಿಯಲ್ಲಿ ಸಂಜೆಯ ಹೊತ್ತು ಎದುರಾಗುವ ಪರಿಚಿತರ ಮಾತಿನಲ್ಲಿಯೂ ಒಂದೇ ಪ್ರಶ್ನೆ ನಾನಾ ರೂಪಗಳಲ್ಲಿ ಮರಳಿ ಬರುತ್ತದೆ: ಇರುವ ಪೆಟ್ರೋಲ್ ಕಾರನ್ನು ಕೊಟ್ಟುಬಿಡೋಣವೆ, ಡೀಸೆಲಿನದನ್ನು ಕೊಳ್ಳೋಣವೆ, ಗ್ಯಾಸ್ ಹಾಕಿಸೋಣವೆ, ಅಥವಾ ಈಗ ಎಲ್ಲರೂ ಹೇಳುತ್ತಿರುವಂತೆ ಕರೆಂಟ್ ಕಾರಿಗೇ ಹೋಗಿಬಿಡೋಣವೆ? ಪ್ರಶ್ನೆ ನ್ಯಾಯವಾದುದೇ ಆಗಿದೆ. ಮಧ್ಯಮ ವರ್ಗದ ಸಂಸಾರವೊಂದು ಮನೆಯ ನಂತರ ಮಾಡುವ ಅತಿ ದೊಡ್ಡ ವ್ಯಯವು ಕಾರೇ ಆಗಿರುವುದರಿಂದ, ಅದನ್ನು ಕುರಿತು ಆತಂಕಪಡುವುದು ಸಹಜ. ಆದರೆ ಈ ವಿಷಯವನ್ನು ಅನೇಕ ವರ್ಷಗಳಿಂದ ಗಮನಿಸುತ್ತ ಬಂದ ನನಗೆ ದೃಢವಾಗಿರುವ ಸಂಗತಿಯೊಂದುಂಟು. ಲೀಟರಿನ ಬೆಲೆಯನ್ನು ನೋಡಿ ಕಾರನ್ನು ಆರಿಸಲು ಹೊರಟವರು ಬಹುಮಟ್ಟಿಗೆ ನೋಡಬೇಕಾದ ಅಂಕಿಯನ್ನು ಬಿಟ್ಟು ಬೇರೊಂದನ್ನು ನೋಡುತ್ತಿರುತ್ತಾರೆ, ಮತ್ತು ಬೆಲೆಯೇರಿಕೆಯ ನಿಜವಾದ ಭಾರವು ಆರಿಸುವ ಸ್ವಾತಂತ್ರ್ಯವುಳ್ಳ ನಮ್ಮಂತಹವರ ಮೇಲೆ ಬೀಳುವುದಕ್ಕಿಂತ ಹೆಚ್ಚಾಗಿ ಆ ಸ್ವಾತಂತ್ರ್ಯವಿಲ್ಲದವರ ಹೆಗಲ ಮೇಲೆ ಬೀಳುತ್ತದೆ.

ಮೊದಲು ಆ ಬೆಲೆ ಎಲ್ಲಿಂದ ಬರುತ್ತದೆಂಬುದನ್ನು ನೋಡೋಣ. ನಮ್ಮ ದೇಶವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಮಿಕ್ಕ ಭಾಗವನ್ನು ಹೊರದೇಶಗಳಿಂದ ಕೊಳ್ಳುತ್ತದೆ. ಮಂಗಳೂರಿನ ಸಂಸ್ಕರಣಾಗಾರದಿಂದ ಹೊರಟ ಇಂಧನವು ಪಶ್ಚಿಮ ಘಟ್ಟವನ್ನು ಹತ್ತಿ, ಹಾಸನವನ್ನು ಹಾದು, ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಹರಿದು, ಕೆ.ಆರ್. ಪುರದಿಂದಾಚೆಗಿರುವ ದೇವನಗೊಂದಿಯ ಸಂಗ್ರಹಾಗಾರವನ್ನು ಸೇರುತ್ತದೆ. ಅಲ್ಲಿ ಟ್ಯಾಂಕರುಗಳಲ್ಲಿ ತುಂಬಿ ನಗರದ ಬಂಕುಗಳಿಗೆ ಹಂಚಲ್ಪಡುತ್ತದೆ. ಈ ಪ್ರಯಾಣದ ವೆಚ್ಚ ಬೆಂಗಳೂರಿಗೆ ಅಲ್ಪವೇ. ಬೆಲೆಯನ್ನು ಮೇಲಕ್ಕೆತ್ತುವ ಶಕ್ತಿಗಳು ಬೇರೆ: ಹೊರದೇಶದ ಮಾರುಕಟ್ಟೆಯ ದರ, ರೂಪಾಯಿಗೂ ಡಾಲರಿಗೂ ಇರುವ ವಿನಿಮಯ, ಕೇಂದ್ರದ ಅಬಕಾರಿ ಸುಂಕ, ರಾಜ್ಯದ ಮಾರಾಟ ತೆರಿಗೆ. ಇವುಗಳಲ್ಲಿ ಕಡೆಯ ಎರಡರ ಸ್ವಭಾವ ಒಂದೇ ಬಗೆಯದಲ್ಲವೆಂಬುದನ್ನು ಬಹಳ ಮಂದಿ ಅರಿಯರು. ಕೇಂದ್ರದ ಸುಂಕವು ಲೀಟರಿಗೆ ಇಷ್ಟು ರೂಪಾಯಿ ಎಂದು ನಿಶ್ಚಿತವಾಗಿರುವಂತಹುದು. ರಾಜ್ಯದ ತೆರಿಗೆಯಾದರೋ ಬೆಲೆಯ ಮೇಲೆ ಶೇಕಡಾವಾರು ಲೆಕ್ಕದಲ್ಲಿ ಬೀಳುವಂತಹುದಾದ್ದರಿಂದ, ಕಚ್ಚಾ ತೈಲ ತುಟ್ಟಿಯಾದೊಡನೆ ಯಾರ ಆಜ್ಞೆಯೂ ಇಲ್ಲದೆ ಅದೂ ಏರುತ್ತದೆ. 2024ರ ಜೂನ್ ತಿಂಗಳಲ್ಲಿ ನಮ್ಮ ರಾಜ್ಯವು ಪೆಟ್ರೋಲಿನ ಮೇಲಿನ ತೆರಿಗೆಯನ್ನು ಶೇ. 25.92ರಿಂದ ಶೇ. 29.84ಕ್ಕೂ, ಡೀಸೆಲಿನ ಮೇಲಿನದನ್ನು ಶೇ. 14.3ರಿಂದ ಶೇ. 18.4ಕ್ಕೂ ಏರಿಸಿದಾಗ ಬಂಕಿನಲ್ಲಿ ಲೀಟರಿಗೆ ಮೂರು ರೂಪಾಯಿಯಷ್ಟು ಹೆಚ್ಚಾಯಿತು. ಮರುವರ್ಷದ ಏಪ್ರಿಲಿನಲ್ಲಿ ಡೀಸೆಲಿನ ತೆರಿಗೆ ಶೇ. 21.17ಕ್ಕೆ ಏರಿ, ಅದರ ದರ 91 ರೂಪಾಯಿಯನ್ನು ಮುಟ್ಟಿತು.

ಕೇಂದ್ರವೂ ಈ ವಿಷಯದಲ್ಲಿ ಹಿಂದೆ ಬಿದ್ದುದಿಲ್ಲ. 2020ರ ವಸಂತದಲ್ಲಿ, ಲೋಕವೆಲ್ಲ ಮನೆಯೊಳಗೆ ಕುಳಿತು ಕಚ್ಚಾ ತೈಲವನ್ನು ಕೇಳುವವರೇ ಇಲ್ಲದಂತಾಗಿದ್ದಾಗ, ಅದರ ಲಾಭ ಬಳಕೆದಾರನಿಗೆ ಮುಟ್ಟಲಿಲ್ಲ. ಮಾರ್ಚಿನಲ್ಲೊಮ್ಮೆ ಮೂರು ರೂಪಾಯಿ, ಮೇ ತಿಂಗಳಲ್ಲಿ ಮತ್ತೆ ಹತ್ತು ರೂಪಾಯಿ ಏರಿ, ಪೆಟ್ರೋಲಿನ ಮೇಲಿನ ಸುಂಕವು 32 ರೂಪಾಯಿ 98 ಪೈಸೆಯಾಯಿತು. ತೈಲ ಮತ್ತೆ ತುಟ್ಟಿಯಾದಾಗ ಆ ಸುಂಕ ಹಾಗೆಯೇ ಉಳಿದಿದ್ದುದರಿಂದ, 2021ರ ಜೂನಿನಲ್ಲಿ ಶಿರಸಿ, ಬಳ್ಳಾರಿಗಳಲ್ಲಿ ಮೊದಲಾಗಿ, ಅನಂತರ ಬೆಂಗಳೂರಿನಲ್ಲಿ ಪೆಟ್ರೋಲು ನೂರು ರೂಪಾಯಿಯ ಗಡಿಯನ್ನು ದಾಟಿತು. ಆ ವರ್ಷದ ನವೆಂಬರಿನಲ್ಲಿ ಕೇಂದ್ರ ಐದು ರೂಪಾಯಿಯನ್ನೂ ರಾಜ್ಯ ಏಳು ರೂಪಾಯಿಯನ್ನೂ ಇಳಿಸಿದುದರಿಂದ ಕೊಂಚ ಉಸಿರಾಡುವಂತಾಯಿತು. ಮುಂದೆ ಐದು ರಾಜ್ಯಗಳ ಚುನಾವಣೆ ಮುಗಿಯುವತನಕ ದರ ಕದಲಲಿಲ್ಲ. ಮುಗಿದ ಮೇಲೆ, 2022ರ ಮಾರ್ಚ್ 22ರಿಂದ ಏಪ್ರಿಲ್ 6ರವರೆಗಿನ ಹದಿನಾರು ದಿನಗಳಲ್ಲಿ ಹದಿನಾಲ್ಕು ಸಲ ಏರಿ, ಒಟ್ಟು ಹತ್ತು ರೂಪಾಯಿ ಹೆಚ್ಚಾಯಿತು. 2017ರ ಜೂನಿನಿಂದ ದರವು ಪ್ರತಿದಿನವೂ ಬೆಳಿಗ್ಗೆ ಆರು ಗಂಟೆಗೆ ಪರಿಷ್ಕೃತವಾಗತಕ್ಕದ್ದೆಂಬ ನಿಯಮವಿದ್ದರೂ, ಅದು ನಡೆಯುವ ಕಾಲ, ನಿಲ್ಲುವ ಕಾಲ ಬೇರೆಬೇರೆಯಾಗಿವೆ. ಜನರಿಗೆ ಸಿಟ್ಟು ಬಂದಿದ್ದರೆ ಅದು ಬೆಲೆಯ ಔನ್ನತ್ಯಕ್ಕೆ ಬಂದಷ್ಟೇ ಈ ಅನಿಶ್ಚಿತತೆಗೂ ಬಂದಿದೆಯೆಂದು ನನ್ನ ಭಾವನೆ. ನಾಳೆಯ ದರವೇನೆಂದು ಬಲ್ಲವನು ತನ್ನ ಸಂಸಾರವನ್ನು ಅದಕ್ಕೆ ಹೊಂದಿಸಿಕೊಳ್ಳಬಲ್ಲನು.

ಈ ಏರಿಳಿತಗಳಿಗೆ ಜನ ಹೇಗೆ ಸ್ಪಂದಿಸುತ್ತಾರೆಂಬುದನ್ನು ತಿಳಿಯಲು ಬಂಕಿನ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು. ದ್ವಿಚಕ್ರ ವಾಹನದವರು ಲೀಟರನ್ನು ಕೇಳುವುದೇ ಇಲ್ಲ. "ನೂರು ರೂಪಾಯಿಗೆ ಹಾಕಿ," "ಇನ್ನೂರಕ್ಕೆ ಹಾಕಿ" ಎನ್ನುತ್ತಾರೆ. ಬಂಕಿನ ಹುಡುಗ "ಝೀರೋ ನೋಡಿ ಸಾರ್" ಎಂದು ಯಂತ್ರದ ಕಡೆಗೆ ಕೈ ತೋರುತ್ತಾನೆ. ಗಾಡಿಯವನ ಕಣ್ಣು ಆ ಸೊನ್ನೆಯಿಂದ ಹೊರಟು ರೂಪಾಯಿಯ ಅಂಕಿಯ ಮೇಲೆ ನೆಟ್ಟಿರುತ್ತದೆಯೇ ಹೊರತು, ಪಕ್ಕದಲ್ಲಿಯೇ ಓಡುತ್ತಿರುವ ಲೀಟರಿನ ಅಂಕಿಯನ್ನು ನೋಡುವುದಿಲ್ಲ. ಅವನ ಪಾಲಿಗೆ ಖರ್ಚು ಸ್ಥಿರ, ದೂರ ಮಾತ್ರ ಕಡಿಮೆಯಾಗುತ್ತದೆ. ಸೋಮವಾರ ಹಾಕಿಸಿದ ನೂರು ರೂಪಾಯಿ ಗುರುವಾರದವರೆಗೆ ಬರುತ್ತಿದ್ದುದು ಬುಧವಾರಕ್ಕೇ ರಿಸರ್ವ್ ತೋರಿಸುತ್ತದೆ. ಕಾರಿನವರಲ್ಲಿ "ಫುಲ್ ಟ್ಯಾಂಕ್" ಎನ್ನುತ್ತಿದ್ದವರು "ಎರಡು ಸಾವಿರಕ್ಕೆ" ಎನ್ನತೊಡಗಿದುದನ್ನು ಕಂಡಿದ್ದೇನೆ. ಈ ಅಭ್ಯಾಸದ ಫಲವೇನೆಂದರೆ, ತಿಂಗಳಿಗೆ ತಾನು ಎಷ್ಟು ಲೀಟರ್ ಸುಟ್ಟೆ, ಎಷ್ಟು ಕಿಲೋಮೀಟರ್ ಓಡಿಸಿದೆ ಎಂಬುದು ಬಹುಮಂದಿಗೆ ತಿಳಿದಿರುವುದೇ ಇಲ್ಲ.

ಕುಕ್ ಟೌನಿನ ಒಂದು ಸಾಧಾರಣ ಸಂಸಾರವನ್ನು ತೆಗೆದುಕೊಳ್ಳೋಣ. ಮಕ್ಕಳನ್ನು ಶಾಲೆಗೆ ಬಿಡುವುದು, ವೀಲರ್ ರಸ್ತೆಯ ಅಂಗಡಿಗಳಿಗೆ ಹೋಗುವುದು, ಭಾನುವಾರ ಚರ್ಚು, ದೇವಸ್ಥಾನ ಅಥವಾ ನೆಂಟರ ಮನೆ, ತಿಂಗಳಿಗೆ ಒಂದೆರಡು ಬಾರಿ ಶಿವಾಜಿನಗರದ ರಸೆಲ್ ಮಾರುಕಟ್ಟೆ ಅಥವಾ ಇಂದಿರಾನಗರ. ಇವೆಲ್ಲ ನಾಲ್ಕೈದು ಕಿಲೋಮೀಟರಿನೊಳಗಿನ ಸಂಚಾರಗಳು. ಎಲ್ಲವನ್ನೂ ಸೇರಿಸಿದರೂ ಕಾರು ತಿಂಗಳಿಗೆ 500 ಕಿಲೋಮೀಟರಿಗಿಂತ ಹೆಚ್ಚು ಓಡುವುದು ಅಪರೂಪ. ಐ.ಟಿ.ಸಿ. ಮೇಲ್ಸೇತುವೆಯ ಮೇಲೆ ಸಾಲುಗಟ್ಟಿ ನಿಲ್ಲುವ, ಏರ್ ಕಂಡೀಷನರ್ ಹಾಕಿಕೊಂಡು ಸಿಗ್ನಲಿನಲ್ಲಿ ಕಾಯುವ ಇಂತಹ ಸಂಚಾರದಲ್ಲಿ, ಕಂಪನಿಯವರು ಲೀಟರಿಗೆ ಇಪ್ಪತ್ತು ಎಂದು ಹೇಳಿದ ಮೈಲೇಜು ಹನ್ನೆರಡಕ್ಕೆ ಇಳಿಯುತ್ತದೆ. ನಿಂತಲ್ಲಿಯೇ ಉರಿಯುವ ಎಂಜಿನ್ನು ಗಂಟೆಗೆ ಮುಕ್ಕಾಲು ಲೀಟರಿನಷ್ಟನ್ನಾದರೂ ಕುಡಿಯುತ್ತದೆ. ಅಂದರೆ ತಿಂಗಳಿಗೆ ಸುಮಾರು 42 ಲೀಟರ್. 103 ರೂಪಾಯಿಯಂತೆ ಲೆಕ್ಕ ಹಾಕಿದರೆ 4,300 ರೂಪಾಯಿ. ಬೆಲೆಯು ನಾಳೆ ಏಕಾಏಕಿ ಹತ್ತು ರೂಪಾಯಿ ಏರಿದರೂ ಈ ಸಂಸಾರಕ್ಕೆ ತಿಂಗಳಿಗೆ ತಗಲುವ ಅಧಿಕ ವೆಚ್ಚ 420 ರೂಪಾಯಿ. ಅದು ಲೆಕ್ಕಕ್ಕೆ ಬಾರದ ಮೊತ್ತವೆಂದು ನಾನು ಹೇಳುತ್ತಿಲ್ಲ. ಆದರೆ ಅದರ ನಿಮಿತ್ತವಾಗಿ ಚೆನ್ನಾಗಿ ಓಡುತ್ತಿರುವ ಕಾರನ್ನು ಅರ್ಧ ಬೆಲೆಗೆ ಕೊಟ್ಟು ಹೊಸದನ್ನು ತರುವುದು ವಿವೇಕವಲ್ಲವೆಂಬುದು ಸ್ಪಷ್ಟ.

ಹೊಸ ಕಾರಿನೊಡನೆ ಬರುವ ವೆಚ್ಚಗಳನ್ನು ಈ 420 ರೂಪಾಯಿಯ ಪಕ್ಕದಲ್ಲಿ ಇಟ್ಟು ನೋಡಿರಿ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ರೂಪಾಯಿ ಬೆಲೆಯ ಪೆಟ್ರೋಲ್ ಅಥವಾ ಡೀಸೆಲ್ ಕಾರಿನ ಮೇಲೆ ಆಜೀವ ತೆರಿಗೆ ಶೇ. 17; ಅದರ ಮೇಲೆ ಉಪಕರ ಬೇರೆ. ಹನ್ನೆರಡು ಲಕ್ಷದ ಕಾರನ್ನು ಕೊಂಡವರು ನೋಂದಣಿಯ ದಿನವೇ ಎರಡು ಲಕ್ಷಕ್ಕೂ ಮೀರಿದ ತೆರಿಗೆಯನ್ನು ಕಟ್ಟಿ ಬರುತ್ತಾರೆ. ನಮ್ಮ ಕುಕ್ ಟೌನಿನ ಸಂಸಾರಕ್ಕೆ ಅದು ಸುಮಾರು ನಾಲ್ಕು ವರ್ಷದ ಪೆಟ್ರೋಲಿನ ಹಣ. ಆನ್ ರೋಡ್ ಬೆಲೆ ಎಂಬ ಒಂದೇ ಅಂಕಿಯೊಳಗೆ ಅದು ಅಡಗಿ, ಸಾಲದ ಕಂತಿನೊಳಗೆ ಕರಗಿ ಹೋಗುವುದರಿಂದ ಯಾರಿಗೂ ನೋಯುವುದಿಲ್ಲ. ಪೆಟ್ರೋಲಿನ ಬೆಲೆಯಾದರೋ ಬಂಕಿನ ಮುಂದೆ ದೀಪದ ಅಕ್ಷರಗಳಲ್ಲಿ ದಿನವೂ ಕಣ್ಣಿಗೆ ಹೊಡೆಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇ. 18ಕ್ಕೆ ಇಳಿದದ್ದು ಕೊಳ್ಳುವವರಿಗೆ ಉಳಿಸಿಕೊಟ್ಟ ಹಣ, ಪೆಟ್ರೋಲಿನಲ್ಲಿ ಅನೇಕ ವರ್ಷ ಮಿತವ್ಯಯ ಮಾಡಿದರೂ ಉಳಿಯುವಂತಹುದಲ್ಲ.

ಅಗ್ಗದ ಇಂಧನವನ್ನು ಹಿಂಬಾಲಿಸಿ ಓಡುವ ಈ ಪ್ರವೃತ್ತಿ ಇಂದಿನದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ ಪೆಟ್ರೋಲಿಗೆ ಪಡಿತರ ಬಂದಾಗ, ಮೈಸೂರು ಸಂಸ್ಥಾನದ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಕುಲುಮೆಗಳು ಬಂದವು. ಬೆಳಗಿನ ಜಾವ ಕ್ಲೀನರನು ಬೀಸಣಿಗೆಯ ಹಿಡಿಯನ್ನು ತಿರುಗಿಸಿ ತಿರುಗಿಸಿ ಕೆಂಡ ಮಾಡಿ, ಅದರಿಂದ ಹೊರಟ ಅನಿಲದಿಂದ ಎಂಜಿನ್ನನ್ನು ಎಚ್ಚರಿಸುತ್ತಿದ್ದ. ಏರಿನಲ್ಲಿ ಬಸ್ಸು ಸೋತಾಗ ಪ್ರಯಾಣಿಕರು ಇಳಿದು ಹಿಂದೆ ನಡೆಯುತ್ತಿದ್ದರು. ಆಗಿನ್ನೂ ಬ್ರಿಟಿಷರ ಆಡಳಿತದಲ್ಲಿಯೇ ಇದ್ದ, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎನಿಸಿಕೊಂಡಿದ್ದ ನಮ್ಮ ದಂಡಿನ ಪ್ರದೇಶದಲ್ಲಿ ಕಾರುಳ್ಳವರೇ ವಿರಳ. ಉಳಿದವರಿಗೆ ಜಟಕಾ, ಬೈಸಿಕಲ್ಲು, ಕಾಲ್ನಡಿಗೆ. ಯುದ್ಧ ಮುಗಿದು ಪೆಟ್ರೋಲು ಯಥೇಚ್ಛವಾಗಿ ದೊರೆಯುವಂತಾದೊಡನೆ ಇದ್ದಿಲ ಕುಲುಮೆಗಳು ಮರೆಗೆ ಸರಿದವು. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದು, ಕೆಲವೇ ತಿಂಗಳಲ್ಲಿ ಅದರ ಬೆಲೆ ನಾಲ್ಮಡಿಯಾದಾಗ, ವಾಜಪೇಯಿಯವರು ಪ್ರತಿಭಟನೆಯಾಗಿ ಎತ್ತಿನ ಗಾಡಿಯಲ್ಲಿ ಸಂಸತ್ ಭವನಕ್ಕೆ ಹೋದರು. ಆಗ ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಎಂಬ ಮೂರರ ಹೊರತು ಕೊಳ್ಳಲು ಬೇರೆ ಕಾರುಗಳೇ ಇಲ್ಲದ್ದರಿಂದ ಆಯ್ಕೆಯ ಮಾತು ಏಳಲಿಲ್ಲ. ಮಿತವಾಗಿ ಕುಡಿಯುವ ಕಾರೆಂಬುದು ಸಾಮಾನ್ಯರಿಗೆ ದೊರೆತದ್ದು 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲೆ.

ಆದರೆ ನಮ್ಮ ಕಾಲಕ್ಕೆ ಹತ್ತಿರವಾದ, ಪಾಠವನ್ನೂ ಚೆನ್ನಾಗಿ ಕಲಿಸುವ ಪ್ರಸಂಗವೆಂದರೆ ಡೀಸೆಲಿನದು. 2010ರ ಜೂನಿನಲ್ಲಿ ಪೆಟ್ರೋಲಿನ ದರವನ್ನು ಸರಕಾರ ತನ್ನ ಹಿಡಿತದಿಂದ ಬಿಟ್ಟಿತು, ಡೀಸೆಲನ್ನು ಬಿಡಲಿಲ್ಲ. ಎರಡರ ನಡುವಣ ಅಂತರ ಬೆಳೆಯುತ್ತ ಬೆಳೆಯುತ್ತ, 2012ರ ಮೇ ತಿಂಗಳಲ್ಲಿ ಪೆಟ್ರೋಲು ಒಮ್ಮೆಲೇ ಏಳೂವರೆ ರೂಪಾಯಿಯಷ್ಟು ಏರಿದಾಗ, ಮೂವತ್ತು ರೂಪಾಯಿಯನ್ನೂ ಮೀರಿತು. ಆಗ ಕೊಳ್ಳುವವರೆಲ್ಲ ಡೀಸೆಲಿನ ಕಡೆಗೆ ನುಗ್ಗಿದರು. ದೇಶದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲಿನವಾದವು. ತಯಾರಕರು ಕೋಟ್ಯಂತರ ರೂಪಾಯಿ ಸುರಿದು ಡೀಸೆಲ್ ಎಂಜಿನ್ನಿನ ಕಾರ್ಖಾನೆಗಳನ್ನು ಕಟ್ಟಿದರು. 2013ರ ಜನವರಿಯಿಂದ ಡೀಸೆಲು ತಿಂಗಳಿಗೆ ಐವತ್ತು ಪೈಸೆಯಂತೆ ಮೇಲೇರತೊಡಗಿತು, 2014ರ ಅಕ್ಟೋಬರಿನಲ್ಲಿ ಅದರ ದರವೂ ಮುಕ್ತವಾಯಿತು, ಅಂತರ ಕುಗ್ಗಿತು. ಐದಾರು ವರ್ಷ ಕಳೆಯುವುದರೊಳಗೆ, 2020ರ ಏಪ್ರಿಲಿನಲ್ಲಿ ಹೊಗೆಯ ಮಾಲಿನ್ಯವನ್ನು ಮಿತಿಗೊಳಿಸುವ ಬಿ.ಎಸ್. 6 ನಿಯಮ ಬಂದಾಗ, ದೇಶದ ಅತಿದೊಡ್ಡ ಕಾರು ತಯಾರಕರಾದ ಮಾರುತಿ ಸುಜುಕಿಯವರೇ ಡೀಸೆಲ್ ಕಾರುಗಳನ್ನು ಮಾಡುವುದನ್ನು ಬಿಟ್ಟರು. ಇಂದು ಮಾರಾಟವಾಗುವ ಕಾರುಗಳಲ್ಲಿ ಡೀಸೆಲಿನದು ಐದರಲ್ಲೊಂದು ಪಾಲೂ ಅಲ್ಲ. ಇಂಧನವೊಂದು ಅಗ್ಗವಾಗಿರುವುದು ಸರಕಾರದ ನೀತಿಯಿಂದಲಾದರೆ, ಆ ನೀತಿಯ ಆಯುಸ್ಸು ಕಾರಿನ ಆಯುಸ್ಸಿಗಿಂತ ಚಿಕ್ಕದಾಗಿರಬಹುದೆಂಬುದನ್ನು 2012ರಲ್ಲಿ ಡೀಸೆಲ್ ಕಾರು ಕೊಂಡವರು ಅನುಭವದಿಂದ ಬಲ್ಲರು.

ಹಾಗೆಂದು ಡೀಸೆಲು ಯಾರಿಗೂ ಸಲ್ಲದೆಂದೇನೂ ಇಲ್ಲ; ವಾರಕ್ಕೊಮ್ಮೆ ಹಾಸನಕ್ಕೋ ಚಿತ್ರದುರ್ಗಕ್ಕೋ ಹೋಗಿಬರುವವರಿಗೆ ಅದು ಈಗಲೂ ಒಳ್ಳೆಯ ಸಂಗಾತಿ. ಕುಕ್ ಟೌನಿನ ನಾಲ್ಕು ಕಿಲೋಮೀಟರಿನ ಸಂಚಾರಕ್ಕೆ ಅದು ಒಗ್ಗದಿರುವುದಕ್ಕೆ ಹಣದ ಹೊರತಾದ ಕಾರಣವೂ ಒಂದಿದೆ. ಈಗಿನ ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವೊಂದಿರುತ್ತದೆ; ಅದರಲ್ಲಿ ಕೂಡಿದ ಮಸಿ ಸುಟ್ಟುಹೋಗಬೇಕಾದರೆ ಕಾರು ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ವೇಗವಾಗಿ ಓಡಿ, ಕೊಳವೆ ಕಾದಿರಬೇಕು. ಮನೆಯಿಂದ ಶಾಲೆಗೆ, ಶಾಲೆಯಿಂದ ಮಾರುಕಟ್ಟೆಗೆ ಎಂದು ನಿಂತು ನಿಂತು ಓಡುವ ಕಾರಿನಲ್ಲಿ ಆ ಶೋಧಕ ಕಟ್ಟಿಕೊಂಡು, ಎಚ್ಚರಿಕೆಯ ದೀಪ ಹತ್ತಿ, ಗ್ಯಾರೇಜಿಗೆ ದಾರಿ ತೋರಿಸುತ್ತದೆ. ಹಣದ ಲೆಕ್ಕವನ್ನೇ ನೋಡಿದರೂ, ಡೀಸೆಲ್ ಕಾರು ಲೀಟರಿಗೆ ಹದಿನಾರು ಓಡಿ ತಿಂಗಳಿಗೆ ಸಾವಿರದ ನಾನೂರೈವತ್ತು ರೂಪಾಯಿ ಉಳಿಸಿತೆಂದು ಹಿಡಿದರೆ, ಕೊಳ್ಳುವಾಗ ಹೆಚ್ಚಾಗಿ ಕೊಟ್ಟ ಒಂದೂಕಾಲು ಲಕ್ಷ ಮರಳಿ ಕೈಸೇರಲು ಏಳು ವರ್ಷ ಬೇಕು.

ಇತ್ತೀಚೆಗೆ ಓದುಗರು ಆಗ್ರಹದಿಂದ ಕೇಳುತ್ತಿರುವ ಇನ್ನೊಂದು ವಿಷಯವೆಂದರೆ ಎಥನಾಲ್ ಬೆರೆತ ಪೆಟ್ರೋಲು. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ ಪ್ರಧಾನಮಂತ್ರಿಗಳು ನೂರಕ್ಕೆ ಇಪ್ಪತ್ತು ಭಾಗ ಎಥನಾಲುಳ್ಳ ಇಂಧನಕ್ಕೆ ಚಾಲನೆ ಕೊಟ್ಟರು. ಇಂದು ಅದು ಸಾಮಾನ್ಯವಾಗಿ ಎಲ್ಲ ಬಂಕುಗಳಲ್ಲಿಯೂ ಇದೆ. ಕಬ್ಬು ಬೆಳೆಯುವ ಮಂಡ್ಯ, ಬೆಳಗಾವಿಗಳ ರೈತರಿಗೆ ಅದರಿಂದ ಪ್ರಯೋಜನವಿದೆ, ದೇಶಕ್ಕೆ ಆಮದಿನ ಉಳಿತಾಯವಿದೆ. ಇವನ್ನು ನಾನು ಗೌರವದಿಂದಲೇ ಒಪ್ಪುತ್ತೇನೆ. ಆದರೆ ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನದಕ್ಕಿಂತ ಮೂರರಲ್ಲೊಂದು ಭಾಗದಷ್ಟು ಕಡಿಮೆ. ಹಳೆಯ ಕಾರುಗಳಲ್ಲಿ ಮೈಲೇಜು ಶೇ. 6ರಿಂದ 7ರಷ್ಟು ಕುಂದಬಹುದೆಂದು ನೀತಿ ಆಯೋಗದ 2021ರ ಮಾರ್ಗಸೂಚಿಯಲ್ಲಿಯೇ ಹೇಳಿದೆ. ಈ ಇಂಧನಕ್ಕೆಂದೇ ಹೊಂದಿಸಿದ ಹೊಸ ಕಾರುಗಳಲ್ಲಿ ಕುಂದುವುದು ಅದಕ್ಕಿಂತ ಬಹಳ ಕಡಿಮೆ. ದರಪಟ್ಟಿಯಲ್ಲಿ ಕಾಣದಿದ್ದರೂ ಹಳೆಯ ಕಾರಿನವರಿಗೆ ಇದು ಲೀಟರಿಗೆ ಆರೇಳು ರೂಪಾಯಿಯ ಏರಿಕೆಗೆ ಸಮಾನ. ಅವರಿಗೆ ಕಡಿಮೆ ಎಥನಾಲಿನ ಇಂಧನವನ್ನೂ ಕೊಳ್ಳುವ ಅವಕಾಶವನ್ನು ಕೆಲವು ಬಂಕುಗಳಲ್ಲಾದರೂ ಉಳಿಸಬೇಕಾಗಿತ್ತೆಂದು ನನ್ನ ಅಭಿಪ್ರಾಯ.

ಇನ್ನು ವಿದ್ಯುತ್ ಕಾರು. ಈ ವಿಷಯದಲ್ಲಿ ಬೆಂಗಳೂರಿಗೆ ಇತರ ಊರುಗಳಿಗಿಲ್ಲದ ಹಿರಿತನವಿದೆ. 2001ರಲ್ಲಿಯೇ ಚೇತನ್ ಮೈನಿಯವರ ರೇವಾ ಎಂಬ ಎರಡು ಬಾಗಿಲಿನ ಪುಟ್ಟ ಕಾರು ಬೊಮ್ಮಸಂದ್ರದಿಂದ ಹೊರಟು, ಸದ್ದಿಲ್ಲದೆ ನಮ್ಮ ದಂಡಿನ ಬೀದಿಗಳಲ್ಲಿ ಓಡಾಡಿತು. ಸೀಸದ ಬ್ಯಾಟರಿಯ ಆ ಕಾರು ಒಮ್ಮೆ ಚಾರ್ಜ್ ಮಾಡಿದರೆ ಎಂಬತ್ತು ಕಿಲೋಮೀಟರಿನಷ್ಟು ಹೋಗುತ್ತಿತ್ತು. ಕುಕ್ ಟೌನಿನ ಸಂಸಾರಕ್ಕೆ ಅದು ಧಾರಾಳವಾಯಿತು. ಆದರೂ ಇಲ್ಲಿ ಕೊಂಡವರು ಸ್ವಲ್ಪವೇ ಮಂದಿ. ಅದೇ ಕಾರು ಜೀ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿಗೆ ಹೋದಾಗ, 2003ರಲ್ಲಿ ಅಲ್ಲಿನ ನಗರಮಧ್ಯಕ್ಕೆ ಕಾರು ತರುವವರ ಮೇಲೆ ಹೇರಿದ ದಟ್ಟಣೆ ಶುಲ್ಕದಿಂದ ಅದಕ್ಕೆ ವಿನಾಯಿತಿ ದೊರೆತ ಕಾರಣ ಜನ ಅದನ್ನು ಮೆಚ್ಚಿ ಕೊಂಡರು. ಇಂಧನದ ಬೆಲೆಯೊಂದೇ ಕಾರಿನ ಭಾಗ್ಯವನ್ನು ನಿರ್ಣಯಿಸುವುದಿಲ್ಲವೆಂಬುದಕ್ಕೆ ನಮ್ಮೂರಿನ ಕಾರಿಗಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ. ಮುಂದೆ 2017ರಲ್ಲಿ ದೇಶದಲ್ಲಿಯೇ ಮೊದಲಾಗಿ ವಿದ್ಯುತ್ ವಾಹನ ನೀತಿಯನ್ನು ಹೊರಡಿಸಿದ ರಾಜ್ಯವೂ ಕರ್ನಾಟಕವೇ.

ಇಂದಿನ ವಿದ್ಯುತ್ ಕಾರುಗಳು ರೇವಾದಿಂದ ಬಹುದೂರ ಬಂದಿವೆ. ಮನೆಯ ಕರೆಂಟಿನಿಂದ ಚಾರ್ಜ್ ಮಾಡಿದರೆ ಯೂನಿಟ್ಟಿಗೆ ಆರೇಳು ರೂಪಾಯಿ, ಯೂನಿಟ್ಟಿಗೆ ಆರೇಳು ಕಿಲೋಮೀಟರ್. ಅಂದರೆ ಕಿಲೋಮೀಟರಿಗೆ ಒಂದು ರೂಪಾಯಿಯ ಆಸುಪಾಸು. ಪೆಟ್ರೋಲಿಗೆ ಎಂಟೂವರೆ. ಈ ಅಂತರವನ್ನು ಕಂಡವರಿಗೆ ಮನಸ್ಸು ಚಂಚಲವಾಗುವುದು ಸಹಜ. ಆದರೂ ಓಡುವ ದೂರದ ಲೆಕ್ಕ ಇಲ್ಲಿಯೂ ಬಿಡುವುದಿಲ್ಲ: ಆನ್ ರೋಡ್ ಬೆಲೆಯ ವ್ಯತ್ಯಾಸವನ್ನು ಮೂರು ಲಕ್ಷವೆಂದು ಹಿಡಿದರೆ, ತಿಂಗಳಿಗೆ 500 ಕಿಲೋಮೀಟರ್ ಓಡಿಸುವವರಿಗೆ ಅದು ಮರಳಲು ಏಳು ವರ್ಷ ಬೇಕು, ದಿನವೂ ಕೆ.ಆರ್. ಪುರವನ್ನು ದಾಟಿ ವೈಟ್‌ಫೀಲ್ಡಿನ ಕಡೆಗೆ ಹೋಗಿಬಂದು ತಿಂಗಳಿಗೆ 1,500 ಓಡಿಸುವವರಿಗೆ ಎರಡೂಕಾಲು ವರ್ಷ ಸಾಕು. ಅಂತಹವರು ಈಗಲೇ ಬದಲಾಯಿಸುವುದು ಒಳ್ಳೆಯದೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಒಂದು ನಿಬಂಧನೆ ಮಾತ್ರ ಉಂಟು. ಚಾರ್ಜ್ ಮಾಡಲು ಸ್ವಂತ ಜಾಗವಿರಬೇಕು. ಮಿಲ್ಟನ್ ಸ್ಟ್ರೀಟಿನಂತಹ ಬೀದಿಗಳಲ್ಲಿ ಅಂಗಳವುಳ್ಳ ಹಳೆಯ ಬಂಗಲೆಗಳಿದ್ದ ಕಡೆ ಇಂದು ನಾಲ್ಕು ಅಂತಸ್ತಿನ ವಸತಿಸಮುಚ್ಚಯಗಳೆದ್ದಿವೆ; ನೆಲಮಾಳಿಗೆಯಲ್ಲಿ ಪ್ರತಿ ಮನೆಗೂ ಒಂದು ಕಾರಿನ ಜಾಗ, ಅಲ್ಲಿಂದ ಮೀಟರ್ ಬೋರ್ಡಿಗೆ ಹಲವು ಗಜಗಳ ತಂತಿ, ಆ ತಂತಿಗೆ ನಿವಾಸಿಗಳ ಸಂಘದ ಅನುಮತಿ. ಅದು ದೊರೆಯದವರೂ, ಬೀದಿಯ ಬದಿಯಲ್ಲಿ ಕಾರು ನಿಲ್ಲಿಸುವವರೂ ಸಾರ್ವಜನಿಕ ಕೇಂದ್ರಗಳಿಗೆ ಹೋದರೆ ಯೂನಿಟ್ಟಿಗೆ ಮನೆಯದರ ಎರಡು ಮೂರು ಪಟ್ಟು ಕೊಡಬೇಕಾಗಿ, ಲೆಕ್ಕವೇ ಬೇರೆಯಾಗುತ್ತದೆ.

ಇಷ್ಟು ಹೊತ್ತು ಆಯ್ಕೆಯುಳ್ಳವರ ಮಾತಾಯಿತು. ಬಾಡಿಗೆ ಕಾರನ್ನು ಓಡಿಸಿ ಜೀವನ ಮಾಡುವವರ ಸಂಗತಿ ಇದಕ್ಕಿಂತ ಗುರುತರವಾದುದು. ತಿಂಗಳಿಗೆ 4,000 ಕಿಲೋಮೀಟರ್ ಓಡಿಸುವ ಚಾಲಕರಿಗೆ ಪೆಟ್ರೋಲಿನ ಖರ್ಚು ಮೂವತ್ತು ಸಾವಿರದ ಹತ್ತಿರ ಬರುತ್ತದೆ. ಹತ್ತು ರೂಪಾಯಿಯ ಏರಿಕೆ ಅವರಿಂದ ಎರಡು ಸಾವಿರದ ಎಂಟುನೂರು ರೂಪಾಯಿಯನ್ನು ಕಿತ್ತುಕೊಳ್ಳುತ್ತದೆ. ಕಿಲೋ ತೊಂಬತ್ತು ರೂಪಾಯಿಯ ಲೆಕ್ಕದಲ್ಲಿ ಸಿ.ಎನ್.ಜಿ. ಹಾಕಿದರೂ ಅವರಿಗೆ ತಿಂಗಳಿಗೆ ಹನ್ನೆರಡು ಹದಿಮೂರು ಸಾವಿರ ಉಳಿಯುವುದರಿಂದ, ಬಾಡಿಗೆ ಕಾರುಗಳಲ್ಲಿ ಗ್ಯಾಸಿನವು ಹೆಚ್ಚುತ್ತಿರುವುದು ಅಚ್ಚರಿಯಲ್ಲ. ಆದರೆ ಆ ಉಳಿತಾಯಕ್ಕಾಗಿ ಅವರು ತೆರುವ ಬೆಲೆಯನ್ನು ನಾವು ಕಾಣುವುದಿಲ್ಲ. ಗ್ಯಾಸಿನ ಬಂಕಿನ ಮುಂದೆ ಆಟೋಗಳೂ ಕಾರುಗಳೂ ಸಾಲುಗಟ್ಟಿ ನಿಂತು, ಒತ್ತಡ ಕಡಿಮೆಯಿದ್ದಾಗ ತುಂಬುವುದು ಇನ್ನೂ ನಿಧಾನವಾಗಿ, ಸಂಪಾದನೆಯ ಹೊತ್ತಿನಲ್ಲಿ ಒಂದು ಭಾಗ ಅಲ್ಲಿಯೇ ಕಳೆದುಹೋಗುತ್ತದೆ. ಡಿಕ್ಕಿಯನ್ನು ಸಿಲಿಂಡರು ತುಂಬಿಕೊಂಡಿರುವುದರಿಂದ, ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೊರಟ ಕುಟುಂಬದ ನಾಲ್ಕು ಪೆಟ್ಟಿಗೆಗಳನ್ನು ಕಂಡೊಡನೆ ಚಾಲಕರ ಮುಖ ಸಪ್ಪಗಾಗುತ್ತದೆ. ಎರಡನ್ನು ಮೇಲಿನ ಕ್ಯಾರಿಯರಿಗೆ ಹಗ್ಗದಿಂದ ಬಿಗಿದು, ಒಂದನ್ನು ಮುಂದಿನ ಆಸನದಲ್ಲಿ ಕೂರಿಸಿ, ಉಳಿದುದನ್ನು ಪ್ರಯಾಣಿಕರ ಮಡಿಲಿಗೆ ಇಡಬೇಕಾಗುತ್ತದೆ. ಮನಸ್ಸಿಗೆ ಹಿಡಿಸಿದ ಕಾರನ್ನು ಕೊಳ್ಳುವ ಅವಕಾಶ ಅವರಿಗಿಲ್ಲ. ಇಂಧನದ ಬೆಲೆಯೇ ಅವರ ಪರವಾಗಿ ಕಾರನ್ನು ಆರಿಸಿಬಿಟ್ಟಿರುತ್ತದೆ.

ಆಟೋ ಚಾಲಕರ ಸ್ಥಿತಿಯಲ್ಲಿ ಇನ್ನೂ ಒಂದು ಅನ್ಯಾಯ ಸೇರಿದೆ. ಇಂಧನದ ದರ ದಿನ ಬೆಳಗಾದರೆ ಬದಲಾಗಬಹುದು. ಅವರ ಮೀಟರಿನ ದರವನ್ನು ಸರಕಾರ ಬದಲಾಯಿಸುವುದು ವರ್ಷಗಳಿಗೊಮ್ಮೆ. 2013ರಲ್ಲಿ ಕನಿಷ್ಠ ದರ 25 ರೂಪಾಯಿಯಾದದ್ದು ಮುಂದೆ 30 ಆಗಲು 2021ರ ಡಿಸೆಂಬರ್ ಬರಬೇಕಾಯಿತು. ಆಮೇಲೆ 36 ಆದದ್ದು 2025ರ ಆಗಸ್ಟ್ 1ರಂದು. ಈ ನಡುವೆ ಪೆಟ್ರೋಲು ನೂರನ್ನು ದಾಟಿತು, ಬಸ್ಸಿನ ದರ ಏರಿತು, ಮೆಟ್ರೋ ದರ ಏರಿತು, ಮನೆ ಬಾಡಿಗೆಯ ಮಾತನ್ನಂತೂ ಹೇಳಬೇಕಾಗಿಲ್ಲ. "ಮೀಟರ್ ಮೇಲೆ ಇಪ್ಪತ್ತು ಕೊಡಿ ಸಾರ್" ಎಂಬ ಮಾತಿನಿಂದ ನಮಗೆಲ್ಲ ಕಿರಿಕಿರಿಯಾಗುತ್ತದೆ. ಆ ಮಾತು ಸರಿಯೆಂದು ನಾನು ವಾದಿಸುವುದಿಲ್ಲ. ಆದರೆ ಏರುವ ಬೆಲೆಯನ್ನು ದಿನವೂ ಕೊಟ್ಟು, ಏರದ ದರವನ್ನು ವರ್ಷಾನುಗಟ್ಟಲೆ ಪಡೆಯುವ ಮನುಷ್ಯರಿಗೆ ಸರಕಾರವು ಇಂಧನದ ಬೆಲೆಗೆ ಹೊಂದಿಕೊಂಡು ಆರು ತಿಂಗಳಿಗೊಮ್ಮೆ ತಾನಾಗಿ ಪರಿಷ್ಕೃತವಾಗುವ ಮೀಟರ್ ದರವನ್ನು ನಿಯಮಿಸಿಕೊಟ್ಟರೆ, ಆ ಮಾತಿಗೆ ಆಸ್ಪದವೇ ಇರುವುದಿಲ್ಲ. ಇಂಧನದಿಂದ ಹೆಚ್ಚು ತೆರಿಗೆ ಪಡೆಯುವ ರಾಜ್ಯಕ್ಕೆ ಈ ಕರ್ತವ್ಯವೂ ಇದೆ.

ಕಡೆಯದಾಗಿ, ಕೇಳಿದವರಿಗೆ ನನ್ನ ಉತ್ತರ ಇಷ್ಟು. ಇಂದಿನಿಂದ ಒಂದು ತಿಂಗಳು ಓಡೋಮೀಟರಿನ ಅಂಕಿಯನ್ನೂ ಹಾಕಿಸಿದ ಲೀಟರುಗಳನ್ನೂ ಒಂದು ಚೀಟಿಯಲ್ಲಿ ಬರೆದಿಡಿರಿ. ತಿಂಗಳಿಗೆ 700 ಕಿಲೋಮೀಟರಿನೊಳಗೆ ಓಡಿಸುವವರಾದರೆ, ಇರುವ ಪೆಟ್ರೋಲ್ ಕಾರನ್ನೇ ಚೆನ್ನಾಗಿ ಇಟ್ಟುಕೊಂಡು, ಅದು ದಣಿಯುವವರೆಗೆ ಓಡಿಸಿರಿ. ಹಲಸೂರು, ಇಂದಿರಾನಗರಗಳ ಕಡೆಗೆ ಹೋಗಬೇಕಾದಾಗ ನೇರಳೆ ಮಾರ್ಗದ ಮೆಟ್ರೋವನ್ನು ಹಿಡಿಯಿರಿ. ಎರಡನೆಯ ಕಾರಿನ ಯೋಚನೆಯನ್ನು ಬಿಡಿರಿ. 1,200ಕ್ಕೆ ಮೀರಿ ಓಡಿಸುವವರೂ ಸ್ವಂತ ಚಾರ್ಜಿಂಗ್ ಜಾಗವುಳ್ಳವರೂ ಆಗಿದ್ದರೆ ವಿದ್ಯುತ್ ಕಾರನ್ನು ಕೊಳ್ಳಿರಿ. ಇವೆರಡರ ನಡುವೆ ಇರುವವರು ಈ ವರ್ಷ ಏನನ್ನೂ ಕೊಳ್ಳದೆ ಕಾಯುವುದೇ ಲೇಸು.